ಅಯ್ಯಂಗಾರ್ ಬೇಕರಿ: ಒಂದು ವೃತ್ತಿಯ ಚರಿತ್ರೆ

ಬೆಂಗಳೂರಿನ ದಕ್ಷಿಣಭಾಗದಲ್ಲಿ, ವಿಶ್ವೇಶ್ವರಪುರದಿಂದ ಮೊದಲುಗೊಂಡು ಜಯನಗರ, ಬನಶಂಕರಿ, ಜೆ. ಪಿ. ನಗರಗಳವರೆಗೆ, ಯಾವ ಬಡಾವಣೆಯ ಯಾವ ಮೂಲೆಗೆ ಹೋದರೂ ‘ಅಯ್ಯಂಗಾರ್ ಬೇಕರಿ’ ಎಂಬ ಫಲಕವು ಕಣ್ಣಿಗೆ ಬೀಳದೆ ಇರುವುದಿಲ್ಲ. ಈ ಎರಡು ಮಾತುಗಳ ಜೋಡಣೆಯಲ್ಲಿ ಎಂತಹ ಆಶ್ಚರ್ಯವು ಅಡಗಿದೆಯೆಂಬುದನ್ನು, ದಿನವೂ ನೋಡುತ್ತಿರುವ ಕಾರಣದಿಂದಲೇ, ನಾವು ಮರೆತಿರುವೆವು. ಮೊದಲನೆಯದು ಮಡಿ ಮತ್ತು ಆಹಾರನಿಯಮಗಳಲ್ಲಿ ಬಹು ನಿಷ್ಠುರರೆಂದು ಹೆಸರಾದ ಶ್ರೀವೈಷ್ಣವ ಬ್ರಾಹ್ಮಣರ ಹೆಸರು. ಎರಡನೆಯದು ಪರಂಗಿಯವರ ರೊಟ್ಟಿಯ ಭಟ್ಟಿಗೆ ಸಲ್ಲುವ ಹೆಸರು. ನೂರೈವತ್ತು ವರ್ಷಗಳ ಹಿಂದೆ ಯಾರಾದರೂ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರೆ ಕೇಳಿದವರು ಪರಿಹಾಸ್ಯವೆಂದೇ ಬಗೆಯುತ್ತಿದ್ದರು. ಇಂದಾದರೋ ಅದು ನಮ್ಮ ನಾಡಿನ ಸಹಜವಾದ ಮಾತು.

ಚರಿತ್ರೆಯೆಂದರೆ ರಾಜರ ವಂಶಾವಳಿ, ಯುದ್ಧ, ಶಾಸನ ಇವುಗಳೇ ಎಂದು ತಿಳಿಯುವುದು ವಾಡಿಕೆ. ಆದರೆ ಒಂದು ಜನವು ಏನನ್ನು ಉಂಡಿತು, ಯಾರ ಕೈಯಿಂದ ಉಂಡಿತು, ಯಾರ ಕೈಯಿಂದ ಉಣ್ಣಲೊಲ್ಲೆನೆಂದಿತು ಎಂಬ ವಿಷಯಗಳು ಅದರ ಅಂತರಂಗವನ್ನು ಶಿಲಾಶಾಸನಗಳಿಗಿಂತಲೂ ಹೆಚ್ಚಾಗಿ ತೋರಿಸುವುವು. ಆದಕಾರಣ ಈ ಲೇಖನದಲ್ಲಿ ಮೂರು ಪ್ರಶ್ನೆಗಳನ್ನು ವಿಚಾರಮಾಡಲು ಉದ್ದೇಶಿಸಿರುವೆವು: ಭಕ್ಷ್ಯವನ್ನು ಮಾಡಿ ಮಾರುವ ಕಸಬು ನಮ್ಮಲ್ಲಿ ಎಷ್ಟು ಹಳೆಯದು? ಸ್ಮೃತಿಕಾರರು ನಿಷೇಧಿಸಿದ್ದ ಆ ವೃತ್ತಿಯನ್ನು ಬ್ರಾಹ್ಮಣರು ಹೇಗೆ ಕೈಗೊಂಡರು? ಆ ಮನೆತನಗಳ ಕೈಯಿಂದ ಅದು ಜಾರುತ್ತಿರುವ ಈ ಕಾಲದಲ್ಲಿ ಆ ಹೆಸರಿನ ಗತಿಯೇನು?

೧

ಮೊದಲು ಪದಗಳನ್ನು ನೋಡೋಣ. ಪಾಣಿನಿಯು ಒಬ್ಬನು ಮಾರುವ ಸರಕಿನಿಂದ ಅವನ ಹೆಸರನ್ನು ನಿಷ್ಪನ್ನಮಾಡುವ ಒಂದು ಸೂತ್ರವನ್ನು ರಚಿಸಿರುವನು. ಅದಕ್ಕೆ ಕಾಶಿಕಾವೃತ್ತಿಕಾರರು ಕೊಡುವ ಉದಾಹರಣೆಗಳನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅಪೂಪವನ್ನು ಮಾರುವವನು ಆಪೂಪಿಕ, ಶಷ್ಕುಲಿಯನ್ನು, ಅಂದರೆ ನಮ್ಮ ಚಕ್ಕುಲಿಯ ಪೂರ್ವರೂಪವನ್ನು, ಮಾರುವವನು ಶಾಷ್ಕುಲಿಕ, ಮೋದಕವನ್ನು ಮಾರುವವನು ಮೌದಕಿಕ. ವೈಯಾಕರಣರು ಉದಾಹರಣೆಗಾಗಿ ಆಕಾಶಕುಸುಮಗಳನ್ನು ಹುಡುಕುವವರಲ್ಲ. ಬೀದಿಯಲ್ಲಿ ಕೇಳಿಬರುವ ಮಾತನ್ನೇ ಎತ್ತಿಕೊಳ್ಳುವರು. ಆದುದರಿಂದ ಸಿಹಿ ಖಾರದ ತಿಂಡಿಗಳನ್ನು ಮಾಡಿ ಮಾರುವ ಅಂಗಡಿಯು ಆ ಕಾಲಕ್ಕೇ ಪ್ರತ್ಯೇಕವಾದ ವೃತ್ತಿಯಾಗಿ ನೆಲೆಗೊಂಡಿದ್ದಿತೆಂದು ಹೇಳಬಹುದು. ಅಮರಸಿಂಹನು ತನ್ನ ಕೋಶದಲ್ಲಿ ಇಂತಹವನಿಗೆ ಕಾಂದವಿಕನೆಂಬ ಇನ್ನೊಂದು ಹೆಸರನ್ನೂ ಕೊಟ್ಟಿರುವನು. ಕಂದು ಎಂದರೆ ಹುರಿಯುವ ಅಥವಾ ಸುಡುವ ಪಾತ್ರೆ. ಅದರಿಂದ ಬದುಕುವವನು ಕಾಂದವಿಕ. ಈ ಪದಗಳು ಬರುವುದು ವೈಶ್ಯವರ್ಗದಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಸುಡುವ ಕ್ರಮವೂ ನಮಗೆ ಹೊಸದಲ್ಲ. ದರ್ಶಪೂರ್ಣಮಾಸೇಷ್ಟಿಯಲ್ಲಿ ಅರ್ಪಿಸುವ ಪುರೋಡಾಶವನ್ನು ಅಕ್ಕಿಯ ಅಥವಾ ಯವೆಯ ಹಿಟ್ಟಿನಿಂದ ಬಿಸಿನೀರಿನಲ್ಲಿ ನಾದಿ, ಆಮೆಯ ಬೆನ್ನಿನ ಆಕಾರಕ್ಕೆ ತಟ್ಟಿ, ಕಾದ ಕಪಾಲಗಳ ಮೇಲಿಟ್ಟು ಬೇಯಿಸುವರು. ಅಗ್ನಿಗೆ ೮ ಕಪಾಲಗಳು, ಅಗ್ನೀಷೋಮರಿಗೆ ೧೧ ಕಪಾಲಗಳು ಎಂದು ಲೆಕ್ಕವೂ ಉಂಟು. ಎಣ್ಣೆಯಲ್ಲಿ ಕರಿಯದೆ, ನೀರಿನಲ್ಲಿ ಬೇಯಿಸದೆ, ಒಣಶಾಖದಲ್ಲಿ ಹಿಟ್ಟನ್ನು ಪಕ್ವಮಾಡುವ ಈ ವಿದ್ಯೆಯು ಯಜ್ಞಶಾಲೆಯಲ್ಲಿಯೇ ಇದ್ದಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಅನ್ನಭೋಗಪ್ರಕರಣದಲ್ಲಿ ಮಂಡಕವನ್ನು, ಅಂದರೆ ನಮ್ಮ ಮಂಡಿಗೆಯನ್ನು, ವರ್ಣಿಸಿರುವನು. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ತನ್ನ ಸೂಪಶಾಸ್ತ್ರವೆಂಬ ಕನ್ನಡ ಗ್ರಂಥದ ಪ್ರಾರಂಭದಲ್ಲಿಯೇ ಪಿಷ್ಟಪಾಕಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು.

ಹಾಗಾದರೆ ಪರಂಗಿಯವರ ರೊಟ್ಟಿಯಲ್ಲಿ ಹೊಸದಾವುದು? ಹೊಸದು ಎರಡು: ಹಿಟ್ಟಿಗೆ ಹುದುಗು ಬರಿಸಿ ಉಬ್ಬಿಸುವುದು, ಸುತ್ತಲೂ ಮುಚ್ಚಿದ ಗೂಡಿನಲ್ಲಿ, ಗೋಡೆಯೂ ಛಾವಣಿಯೂ ಹಿಡಿದಿಟ್ಟುಕೊಂಡ ಶಾಖದಿಂದ ಅದನ್ನು ಬೇಯಿಸುವುದು. ಇಡ್ಡಲಿ ದೋಸೆಗಳ ಹಿಟ್ಟನ್ನು ಹುದುಗಿಸುವುದು ನಮಗೆ ಗೊತ್ತಿದ್ದರೂ, ಗೋದಿಯ ಹಿಟ್ಟನ್ನು ಹಾಗೆ ಉಬ್ಬಿಸಿ ಭಟ್ಟಿಗೆ ಹಾಕುವ ಪದ್ಧತಿಯು ದಕ್ಷಿಣದಲ್ಲಿ ರೂಢಿಯಾಗಿರಲಿಲ್ಲ.

೨

ಈ ವಿದ್ಯೆಯು ನಮ್ಮ ಪಶ್ಚಿಮತೀರಕ್ಕೆ ಬಂದುದು ಪೋರ್ತುಗೀಜರ ಸಂಗಡ. ಅವರು ೧೫೧೦ರಲ್ಲಿ ಗೋವೆಯನ್ನು ಹಿಡಿದರು. ಅವರ ಭಾಷೆಯಲ್ಲಿ ರೊಟ್ಟಿಗೆ ಇರುವ ಹೆಸರೇ ಕೊಂಕಣಿ ಮರಾಠಿಗಳಲ್ಲಿ ‘ಪಾವ್’ ಎಂದಾಗಿ ನಿಂತಿತು. ಗೋವೆಯಲ್ಲಿ ಹಿಟ್ಟನ್ನು ಉಬ್ಬಿಸಲು ತೆಂಗಿನ ಹೆಂಡವನ್ನು ಬಳಸಿದರು. ಆಚಾರವಂತರು ಆ ರೊಟ್ಟಿಯಿಂದ ದೂರವಿರಲು ಇದೊಂದೇ ಕಾರಣವು ಸಾಕಾಗಿದ್ದಿತು.

ಅದೇ ಪದವು ಪೂರ್ವದಿಕ್ಕಿಗೆ ಮಾಡಿದ ಪ್ರಯಾಣವು ಮನೋಹರವಾದುದು. ಪೋರ್ತುಗೀಜರು ೧೫೪೩ರಲ್ಲಿ ಜಪಾನನ್ನು ಮುಟ್ಟಿದರು. ಜಪಾನೀಯರು ಇಂದಿಗೂ ರೊಟ್ಟಿಯನ್ನು ‘ಪಾನ್’ ಎನ್ನುವರು. ೧೮೯೫ರಿಂದ ೧೯೪೫ರವರೆಗೆ ತೈವಾನ್ ದ್ವೀಪವು ಜಪಾನಿನ ಆಳ್ವಿಕೆಗೆ ಒಳಪಟ್ಟಿದ್ದಾಗ ಆ ಮಾತು ಅಲ್ಲಿಗೂ ಹೋಗಿ, ಆ ಜನರ ಆಡುನುಡಿಯಲ್ಲಿ ‘ಫಾಙ್’ ಎಂದಾಯಿತು. ಹೀಗೆ ಗೋವೆಯ ಪಾವೂ ತೈವಾನಿನ ಫಾಙೂ ಒಂದೇ ತಾಯಿಯ ಮಕ್ಕಳು. ಆ ದ್ವೀಪದಲ್ಲಿಯೂ ತಲೆಮಾರುಗಳಿಂದ ನಡೆದುಬಂದ ಪಿಷ್ಟಭಕ್ಷ್ಯದ ಅಂಗಡಿಗಳಿವೆ. ೧೮೬೭ರಲ್ಲಿ ಪ್ರಾರಂಭವಾದ ಕುಓ ಯುವಾನ್ ಯೇ ಎಂಬ ಅಂಗಡಿಯು ಅವುಗಳಲ್ಲೊಂದು. ವಿವಾಹದ ನಿಶ್ಚಯಕಾಲದಲ್ಲಿ ಬಂಧುಗಳಿಗೆ ಹಂಚುವ ಸಿಹಿರೊಟ್ಟಿಗಳಿಗೆ ಅದು ಪ್ರಸಿದ್ಧವಾಗಿದೆ. ನಮ್ಮ ಅಂಗಡಿಗಳ ಭವಿಷ್ಯವನ್ನು ಕುರಿತು ಹೇಳುವಾಗ ಈ ಮನೆತನವನ್ನು ಇನ್ನೊಮ್ಮೆ ನೆನೆಯಬೇಕಾಗುವುದು.

ಬೆಂಗಳೂರಿಗೆ ಪರಂಗಿರೊಟ್ಟಿಯು ಬಂದುದು ಪಶ್ಚಿಮತೀರದಿಂದಲ್ಲ, ಇಂಗ್ಲಿಷರ ದಂಡಿನಿಂದ. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿದ ಪೇಟೆಯ ಪೂರ್ವದಲ್ಲಿ ೧೮೦೯ರಲ್ಲಿ ದಂಡುಪ್ರದೇಶವು ಸ್ಥಾಪಿತವಾಯಿತು. ಅಲ್ಲಿಂದ ಮುಂದೆ ಬೆಂಗಳೂರೆಂಬುದು ಒಂದು ಊರಲ್ಲ, ಎರಡು ಊರು. ೧೮೮೧ರಲ್ಲಿ ರಾಜ್ಯವು ಮೈಸೂರಿನ ಒಡೆಯರಿಗೆ ಹಿಂದಕ್ಕೆ ಬಂದಾಗಲೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಪೇಟೆಯಲ್ಲಿ ಅಕ್ಕಿ, ರಾಗಿ. ದಂಡಿನಲ್ಲಿ ರೊಟ್ಟಿ, ಬಿಸ್ಕತ್ತು. ಮಧ್ಯೆ ಕಬ್ಬನ್ ಪಾರ್ಕಿನ ಹಸುರು. ಈ ಭೇದವು ಆಡಳಿತದಲ್ಲಿ ಅಳಿಸಿಹೋಗಲು ೧೯೪೯ರಲ್ಲಿ ಒಂದೇ ನಗರಸಭೆಯಾಗುವವರೆಗೆ ಕಾಯಬೇಕಾಯಿತು. ನಾಲಗೆಯ ಮಟ್ಟಿಗೆ ಅದು ಐವತ್ತು ವರ್ಷಗಳ ಮೊದಲೇ ಅಳಿಯಲು ಪ್ರಾರಂಭಿಸಿದ್ದಿತು. ಅದು ನಡೆದುದು ಚಿಕ್ಕಪೇಟೆಯ ಒಂದು ಮಿಠಾಯಿಯ ಅಂಗಡಿಯಲ್ಲಿ.

೩

ಹಾಸನ ಜಿಲ್ಲೆಯ ಹುಲ್ಲಿನಕೆರೆಯವರಾದ ಎಚ್. ಎಸ್. ತಿರುಮಲಾಚಾರ್ಯರು ಚಿಕ್ಕಪೇಟೆಯಲ್ಲಿ ಸಿಹಿತಿಂಡಿಗಳ ಅಂಗಡಿಯನ್ನಿಟ್ಟುದು ೧೮೯೮ರಲ್ಲಿ. ಅದು ಬೆಂಗಳೂರಿಗೆ ಪ್ಲೇಗು ಬಂದ ವರ್ಷ. ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಜನರು ಬಯಲಿಗೆ ಓಡಿದುದೂ, ಆ ತರುವಾಯ ಬಸವನಗುಡಿ ಮಲ್ಲೇಶ್ವರಗಳು ತುಂಬಿದುದೂ ವಾಚಕರಿಗೆ ತಿಳಿದ ವಿಷಯ. ಅಂತಹ ಕಾಲದಲ್ಲಿ ಊರಿಗೆ ಬಂದು ಅಂಗಡಿಯಿಟ್ಟವರ ಧೈರ್ಯವು ಸಾಮಾನ್ಯವಾದುದಲ್ಲ.

ಆ ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ಗಿರಾಕಿಯು ಆಚಾರ್ಯರ ಕೈಗುಣವನ್ನು ಮೆಚ್ಚಿ ಅವರಿಗೆ ರೊಟ್ಟಿ ಸುಡುವುದನ್ನು ಕಲಿಸಿದನೆಂದು ಪರಂಪರಾಗತವಾದ ಪ್ರತೀತಿಯಿದೆ. ಅಂಗಡಿಯು ಬಿ. ಬಿ. ಬೇಕರಿ, ಎಂದರೆ ಬೆಂಗಳೂರು ಬ್ರಾಹ್ಮಣರ ಬೇಕರಿ, ಎಂದು ಪ್ರಸಿದ್ಧವಾಯಿತು. ಈ ಪ್ರತೀತಿಯಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕಲಿಸಿದವನು ಕಬ್ಬನ್ ಪಾರ್ಕನ್ನು ದಾಟಿ ಪೇಟೆಗೆ ಬಂದನು. ಕಲಿತವರು ತಮ್ಮ ಆಚಾರವನ್ನು ಬಿಟ್ಟು ದಂಡಿಗೆ ಹೋಗಲಿಲ್ಲ. ವಿದ್ಯೆಯನ್ನು ಸ್ವೀಕರಿಸಿದರು, ಅದರ ಸಂಗಡ ಬರುತ್ತಿದ್ದ ಮೊಟ್ಟೆಯನ್ನು ಹೊರಗಿಟ್ಟರು. ಪರಂಗಿಯವರ ಕೇಕಿನಲ್ಲಿ ಮೊಟ್ಟೆಯು ಕೇವಲ ರುಚಿಗಾಗಿ ಬೀಳುವುದಲ್ಲ. ಹಿಟ್ಟನ್ನು ಕಟ್ಟುವುದೂ ಗಾಳಿಯನ್ನು ಹಿಡಿದು ಹಗುರಮಾಡುವುದೂ ಅದೇ. ಅದನ್ನು ಬಿಟ್ಟು ಅದೇ ಮೃದುತ್ವವನ್ನು ತರಬೇಕಾದರೆ ಹದವನ್ನೆಲ್ಲ ಹೊಸದಾಗಿ ಕಂಡುಹಿಡಿಯಬೇಕು. ಈ ಕೆಲಸವನ್ನು ಮಾಡಿದವರು ಯಾವ ಪುಸ್ತಕವನ್ನೂ ಬರೆಯಲಿಲ್ಲ. ಭಟ್ಟಿಯ ಮುಂದೆ ನಿಂತು, ಕೆಟ್ಟುದನ್ನು ಬಿಸುಟು, ಮತ್ತೆ ಮಾಡಿ ನೋಡಿ ತಿಳಿದುಕೊಂಡರು.

೪

ಇನ್ನು ಎರಡನೆಯ ಪ್ರಶ್ನೆ. ಬ್ರಾಹ್ಮಣನು ಆಪತ್ಕಾಲದಲ್ಲಿ ವೈಶ್ಯವೃತ್ತಿಯಿಂದ ಜೀವಿಸಬಹುದೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಅನುಮತಿ ಕೊಡುವುದು. ಆದರೆ ಅಂತಹವನು ಮಾರಬಾರದ ಪದಾರ್ಥಗಳ ಒಂದು ಪಟ್ಟಿಯು ಅಲ್ಲಿಯೇ ಉಂಟು; ಅದರಲ್ಲಿ ಕೃತಾನ್ನವು, ಎಂದರೆ ಬೇಯಿಸಿದ ಆಹಾರವು, ಮೊದಮೊದಲಲ್ಲಿಯೇ ಬರುವುದು. ಗೌತಮಧರ್ಮಸೂತ್ರವೂ ಇದನ್ನೇ ವಿಧಿಸುವುದು. ಅನ್ನವು ದಾನಕ್ಕೆ ವಿಷಯವೇ ಹೊರತು ಕ್ರಯಕ್ಕೆ ವಿಷಯವಲ್ಲವೆಂಬ ಭಾವನೆಯು ಇದರ ಮೂಲದಲ್ಲಿರುವುದು. ಅತಿಥಿಗೆ ಬಡಿಸಬೇಕಾದುದನ್ನು ತೂಕಕ್ಕೆ ಹಾಕಿ ಹಣಕ್ಕೆ ಕೊಡುವುದು ಮನಸ್ಸಿಗೆ ಒಗ್ಗದ ಮಾತಾಗಿದ್ದಿತು. ದೇವಸ್ಥಾನದ ಪರಿಚಾರಕನಾಗಿ, ಮಠದ ಪಾಚಕನಾಗಿ, ಮದುವೆಮನೆಯ ಅಡಿಗೆಯವನಾಗಿ ಬ್ರಾಹ್ಮಣನು ಹಣವನ್ನು ಪಡೆಯುತ್ತಿದ್ದನು, ನಿಜ. ಆದರೆ ಅಲ್ಲಿ ಅವನು ಮಾರುತ್ತಿದ್ದುದು ತನ್ನ ಶ್ರಮವನ್ನು, ಅನ್ನವನ್ನಲ್ಲ.

ಇಂತಿರಲು ತಿರುಮಲಾಚಾರ್ಯರೂ ಅವರ ಹಿಂದೆ ಬಂದವರೂ ಮಾಡಿದುದು ಸ್ಮೃತಿವಿರುದ್ಧವೇ ಸರಿ. ಆದರೆ ಇಲ್ಲಿ ಒಂದು ವಿಚಿತ್ರವಿದೆ. ಯಾವ ಶಾಸ್ತ್ರವು ಮಾರುವವನನ್ನು ತಡೆಯಿತೋ, ಅದೇ ಶಾಸ್ತ್ರವು ಕೊಳ್ಳುವವನನ್ನು ಅವನ ಬಳಿಗೇ ಕಳುಹಿಸಿತು. ಬೇರೆಯವರು ಬೇಯಿಸಿದುದನ್ನು ತಿನ್ನಲು ಅಂಜುವ ಗೃಹಸ್ಥನು ಹೊರಗೆ ಏನನ್ನಾದರೂ ತಿನ್ನಬೇಕಾದರೆ ಬ್ರಾಹ್ಮಣನ ಅಂಗಡಿಯನ್ನೇ ಹುಡುಕಿದನು. ಹೆಂಡವಿಲ್ಲ, ಮೊಟ್ಟೆಯಿಲ್ಲ, ಕೊಬ್ಬಿಲ್ಲವೆಂಬ ಭರವಸೆಯನ್ನು ಒಂದೇ ಪದದಲ್ಲಿ ಕೊಡುವ ಫಲಕವು ಅವನಿಗೆ ಬೇಕಾಗಿದ್ದಿತು. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಲಾಲ್‌ಬಾಗಿನ ಕಡೆಯಲ್ಲಿ ತೆರೆದ ಉಪಾಹಾರಗೃಹದ ಮೊದಲ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್ಬು’ ಎಂದಿದ್ದಿತು. ಅದು ಈಗಿನ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರನ್ನು ಪಡೆದುದು ೧೯೬೦ರಲ್ಲಿ. ಜಾತಿಯ ಹೆಸರು ಹೀಗೆ ಶುಚಿತ್ವದ ಮುದ್ರೆಯಾಗಿ ಅಂಗಡಿಯ ಬಾಗಿಲನ್ನೇರಿತು.

ಈ ಮುದ್ರೆಯ ಇನ್ನೊಂದು ಮುಖವನ್ನು ಮರೆಮಾಚಿದರೆ ಚರಿತ್ರೆಯನ್ನು ಬರೆದಂತಾಗುವುದಿಲ್ಲ. ಯಾವ ಪದವು ಕೆಲವರಿಗೆ ಭರವಸೆಯಾಗಿದ್ದಿತೋ ಅದೇ ಪದವು ಅನೇಕರಿಗೆ ಮುಚ್ಚಿದ ಬಾಗಿಲಾಗಿದ್ದಿತು. ಉಪಾಹಾರಗೃಹಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸ್ಥಳ, ಇತರರಿಗೆ ಬೇರೆ ಸ್ಥಳವೆಂಬ ಏರ್ಪಾಡು ನಡೆದುಬಂದಿದ್ದಿತು. ಅಸ್ಪೃಶ್ಯರೆನಿಸಿಕೊಂಡವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಅಂಗಡಿ, ಉಪಾಹಾರಗೃಹಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಸಾರಿತು. ೧೯೫೫ರ ಶಾಸನವು ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಅದಕ್ಕೆ ಮುಂಚೆ ಎಷ್ಟು ಮಂದಿ ಹಸಿದವರು ಎಷ್ಟು ಬಾಗಿಲುಗಳಿಂದ ಹಿಂದಿರುಗಿದರೆಂಬುದನ್ನು ಯಾವ ಅಂಗಡಿಯ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ.

ಬೇಕರಿಯ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮವುಂಟೆಂದು ನಮಗೆ ತೋರುವುದು. ಹೋಟಲಿನಲ್ಲಿ ಜನರು ಒಳಗೆ ಕುಳಿತು ಉಣ್ಣುವರು. ಆದುದರಿಂದ ಪಂಕ್ತಿಯ ಪ್ರಶ್ನೆಯು ಬರುವುದು. ಬೇಕರಿಯಲ್ಲಾದರೋ ಒಳಗೆ ಕುಳಿತುಕೊಳ್ಳುವುದಕ್ಕೆ ಎಡೆಯೇ ಇಲ್ಲ. ಗಾಜಿನ ಪೆಟ್ಟಿಗೆಯ ಆಚೆ ಮಾರುವವನು. ಈಚೆ, ಬೀದಿಯಲ್ಲಿ, ಕೊಳ್ಳುವವರು. ಬೀದಿಯು ಎಲ್ಲರದು. ಪಂಡಿತನೂ ಗಾಡಿ ಹೊಡೆಯುವವನೂ ಒಂದೇ ಕಟ್ಟೆಯ ಮುಂದೆ ನಿಂತು, ಒಂದೇ ಕಾಗದದ ಚೂರಿನಲ್ಲಿ ಬನ್ನನ್ನು ತೆಗೆದುಕೊಂಡರು. ಅಂಗಡಿಯ ಹೆಸರು ಭೇದವನ್ನು ಹೇಳುತ್ತಿದ್ದರೂ ಅಂಗಡಿಯ ಆಕಾರವು ಅಭೇದವನ್ನು ಕಲಿಸಿತು. ಇದು ಯಾರೂ ಉದ್ದೇಶಿಸಿ ಮಾಡಿದ ಸುಧಾರಣೆಯಲ್ಲ. ಆದರೆ ಉದ್ದೇಶವಿಲ್ಲದೆ ನಡೆದ ಸುಧಾರಣೆಗಳೂ ಚರಿತ್ರೆಯಲ್ಲಿ ಕಡಮೆಯಿಲ್ಲ.

೫

ಹಾಸನ ಸೀಮೆಯಿಂದ ಬಂದವರು ಒಬ್ಬರ ಹಿಂದೆ ಒಬ್ಬರಾಗಿ ಈ ವೃತ್ತಿಯನ್ನು ಹಿಡಿದರು. ಅದರ ಕ್ರಮವು ಗುರುಕುಲದ ಕ್ರಮವೇ. ಊರಿನಿಂದ ಅಳಿಯನೋ ತಮ್ಮನ ಮಗನೋ ಬರುವನು. ಮೊದಲು ಹಿಟ್ಟನ್ನು ಜರಡಿಹಿಡಿಯುವನು, ಆಮೇಲೆ ನಾದುವನು, ಆಮೇಲೆ ಭಟ್ಟಿಯ ಬಾಯಲ್ಲಿ ನಿಲ್ಲುವನು. ಹದವು ಕೈಗೆ ಹತ್ತಿದ ಮೇಲೆ ಹೊಸ ಬಡಾವಣೆಯೊಂದರಲ್ಲಿ ತನ್ನದೇ ಅಂಗಡಿಯನ್ನಿಡುವನು. ಅಗ್ರಹಾರಗಳ ಇನಾಮು ಜಮೀನುಗಳು ೧೯೫೪ರ ಇನಾಂ ರದ್ದಿಯಾತಿ ಕಾನೂನಿನಿಂದಲೂ, ಗೇಣಿಯ ಭೂಮಿಗಳು ೧೯೭೪ರ ಭೂಸುಧಾರಣೆಯಿಂದಲೂ ಕೈಬಿಟ್ಟುಹೋದ ಮೇಲೆ, ಭೂಮಿಯನ್ನೇ ನೆಚ್ಚಿದ್ದ ಮನೆಗಳ ಹುಡುಗರಿಗೆ ಪಟ್ಟಣದ ದಾರಿಯಲ್ಲದೆ ಬೇರೆ ದಾರಿಯು ಕಾಣದಾಯಿತು.

ಊರು ಬೆಳೆದಂತೆ ಅಂಗಡಿಯೂ ಬೆಳೆಯಿತು. ಜಯನಗರಕ್ಕೆ ಅಸ್ತಿಭಾರವು ಬಿದ್ದುದು ೧೯೪೮ರಲ್ಲಿ. ವಿಶ್ವೇಶ್ವರಪುರದಲ್ಲಿ ಸಜ್ಜನರಾವ್ ವೃತ್ತದ ಬಳಿ ವಿ. ಬಿ. ಬೇಕರಿಯು ಪ್ರಾರಂಭವಾದುದು ೧೯೫೩ರಲ್ಲಿ. ಇಂದು ತಿಂಡಿಬೀದಿಯೆಂದು ನಾಡಿಗೆಲ್ಲ ಹೆಸರಾಗಿರುವ ಆ ಬೀದಿಗೆ ಈ ಅಂಗಡಿಯೇ ಮೂಲಸ್ತಂಭವೆಂದು ಹೇಳುವುದುಂಟು. ತರುವಾಯ ಬನಶಂಕರಿಯ ಹಂತಗಳೂ, ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಬಡಾವಣೆಯೂ, ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳು ಮೂರು ಅಕ್ಷರಗಳಾಗಿ ಸಂಕೋಚಗೊಂಡ ಬಿ. ಟಿ. ಎಂ. ಬಡಾವಣೆಯೂ ಎದ್ದವು. ಎಲ್ಲೆಲ್ಲಿ ಹೊಸ ಮನೆಗಳು ಎದ್ದವೋ ಅಲ್ಲಲ್ಲಿ ಭಟ್ಟಿಯ ಹೊಗೆಯೂ ಎದ್ದಿತು.

ಕಟ್ಟಿಗೆಯ ಭಟ್ಟಿಯ ಕೆಲಸವನ್ನು ಅರಿಯದವರಿಗಾಗಿ ಅದನ್ನು ಸಂಕ್ಷೇಪವಾಗಿ ಹೇಳುವೆವು. ಭಟ್ಟಿಯೆಂಬುದು ಇಟ್ಟಿಗೆಯ ಕಮಾನಿನ ಗೂಡು. ಅದರೊಳಗೆ ಸೌದೆಯನ್ನು ಉರಿಸಿ, ಇಟ್ಟಿಗೆಗಳು ಕಾದ ಮೇಲೆ ಕೆಂಡವನ್ನೂ ಬೂದಿಯನ್ನೂ ಎಳೆದುಬಿಟ್ಟು, ಕಾದ ಗೋಡೆಗಳ ಶಾಖದಲ್ಲಿ ಬೇಯಿಸಬೇಕು. ಉರಿಯು ಮುಂದಿಲ್ಲ, ಶಾಖವು ಹೊತ್ತುಹೊತ್ತಿಗೂ ಇಳಿಯುತ್ತಿರುವುದು. ಆದುದರಿಂದ ತೀವ್ರವಾದ ಶಾಖವನ್ನು ಬೇಡುವ ರೊಟ್ಟಿಯೂ ಬನ್ನೂ ಮೊದಲು. ಶಾಖವಿಳಿದಂತೆ ಕೇಕು, ಬಿಸ್ಕತ್ತುಗಳು. ಕೊನೆಗೆ ಉಳಿದ ಬಿಸಿಯಲ್ಲಿ ಹಿಂದಿನ ದಿನದ ರೊಟ್ಟಿಯ ಹೋಳುಗಳು ಒಣಗಿ ರಸ್ಕುಗಳಾಗುವುವು. ಮಾರದೆ ಉಳಿದುದೂ ವ್ಯರ್ಥವಲ್ಲ, ಸೌದೆಯ ಕೊನೆಯ ಬಿಸಿಯೂ ವ್ಯರ್ಥವಲ್ಲ. ಉಷ್ಣಮಾಪಕವಿಲ್ಲದೆ, ಅಂಗೈಯನ್ನು ಭಟ್ಟಿಯ ಬಾಯಲ್ಲಿ ಹಿಡಿದು, ಎಷ್ಟು ಎಣಿಸುವವರೆಗೆ ತಡೆಯಬಹುದೆಂಬುದರಿಂದ ಶಾಖವನ್ನು ತಿಳಿಯುವ ಈ ವಿದ್ಯೆಯು ಸಾಮಾನ್ಯವೇ? ಊರೆಲ್ಲ ನಿದ್ರಿಸುವಾಗ ಹಿಟ್ಟು ಉಬ್ಬುವುದು. ಊರು ಏಳುವ ಹೊತ್ತಿಗೆ ಅಂಗಡಿಯವನ ಅರ್ಧದಿನವು ಮುಗಿದಿರುವುದು.

ಪರಂಗಿಯ ವಿದ್ಯೆಯು ನಮ್ಮ ನಾಲಗೆಗೆ ಶರಣಾದುದನ್ನೂ ಹೇಳಬೇಕು. ಬನ್ನಿನ ಹಿಟ್ಟಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪು ಬಿದ್ದು ಖಾರಾ ಬನ್ನಾಯಿತು. ಆಲೂಗೆಡ್ಡೆಯ ಪಲ್ಯವು ಒಳಗೆ ಸೇರಿ ಪಲ್ಯದ ಬನ್ನಾಯಿತು. ಸಿಹಿಗೊಳಿಸಿದ ಕಾಯಿತುರಿಯನ್ನು ತುಂಬಿದ ದಿಲ್ ಪಸಂದ್ ಎಂಬುದು ಹೆಸರಿನಲ್ಲಿ ಪಾರಸಿ, ಭಟ್ಟಿಯಲ್ಲಿ ಪರಂಗಿ, ಹೂರಣದಲ್ಲಿ ನಮ್ಮ ಕಾಯಿಹೋಳಿಗೆ. ನಿಪ್ಪಟ್ಟೂ ಮಸಾಲೆ ಹಚ್ಚಿದ ಕಡಲೆಕಾಯಿಯ ಬೇಳೆಯೂ ಅದೇ ಗಾಜಿನ ಪೆಟ್ಟಿಗೆಯಲ್ಲಿ ನೆರೆಹೊರೆಯಾದವು. ಈ ಬೇಳೆಗೆ ‘ಕಾಂಗ್ರೆಸ್ ಕಡಲೆಕಾಯಿ’ ಎಂಬ ಹೆಸರು ಬಂದುದನ್ನು, ಅದು ಎರಡು ಹೋಳಾಗಿರುವ ಕಾರಣದಿಂದ, ೧೯೬೯ರಲ್ಲಿ ಕಾಂಗ್ರೆಸ್ ಸಂಸ್ಥೆಯು ಇಬ್ಭಾಗವಾದುದಕ್ಕೆ ಸೇರಿಸಿ ಹೇಳುವವರುಂಟು. ರಾಜಕೀಯದ ಚರಿತ್ರೆಯನ್ನು ಜನರು ತಿಂಡಿಯ ಹೆಸರಿನಲ್ಲಿ ನೆನಪಿಟ್ಟುಕೊಳ್ಳುವ ರೀತಿಯು ಹೀಗೆ.

೬

ಈಗ ಮೂರನೆಯ ಪ್ರಶ್ನೆಗೆ ಬರೋಣ. ಭಟ್ಟಿಯ ಮುಂದೆ ನಿಂತು ಮಕ್ಕಳನ್ನು ಓದಿಸಿದ ತಂದೆಗಳು ತಮ್ಮ ಮಕ್ಕಳು ಭಟ್ಟಿಯ ಮುಂದೆ ನಿಲ್ಲುವುದನ್ನು ಬಯಸಲಿಲ್ಲ. ಆ ಮಕ್ಕಳು ಇಂಜಿನಿಯರುಗಳೂ ಲೆಕ್ಕಪರಿಶೋಧಕರೂ ಆಗಿ ದೇಶಾಂತರಗಳಿಗೆ ಹೋದರು. ಇದರಲ್ಲಿ ಆಕ್ಷೇಪಿಸತಕ್ಕುದೇನೂ ಇಲ್ಲ. ವೇದಾಧ್ಯಯನದ ಮನೆಗಳಿಂದ ಭಟ್ಟಿಗೆ ಬಂದ ಹಿರಿಯರೂ ತಮ್ಮ ತಂದೆಗಳ ವೃತ್ತಿಯನ್ನು ಬಿಟ್ಟವರೇ ಅಲ್ಲವೇ? ಅಂಗಡಿಯ ನಿವೇಶನದ ಬೆಲೆಯು ಅಂಗಡಿಯ ಆದಾಯಕ್ಕಿಂತ ಎಷ್ಟೋ ಪಾಲು ಹೆಚ್ಚಾದುದೂ, ಸೌದೆಯ ಭಟ್ಟಿಯ ಸ್ಥಾನಕ್ಕೆ ವಿದ್ಯುತ್ತಿನ ಮತ್ತು ಅನಿಲದ ಭಟ್ಟಿಗಳು ಬಂದುದೂ ಈ ಬದಲಾವಣೆಗೆ ಸಹಾಯಕವಾದವು.

ಆದರೆ ಅಂಗಡಿಗಳು ಮುಚ್ಚಲಿಲ್ಲ, ಕೈಗಳು ಬದಲಾದವು. ಹಾಸನ ಸೀಮೆಯಿಂದ ಕೆಲಸಕ್ಕೆಂದು ಬಂದು, ಅಯ್ಯಂಗಾರರ ಬಳಿಯಲ್ಲಿ ಹದವನ್ನು ಕಲಿತ ಇತರ ಸಮಾಜಗಳ ಹುಡುಗರು ತಾವೇ ಅಂಗಡಿಗಳನ್ನಿಟ್ಟರು. ಫಲಕದ ಮೇಲೆ ಹಳೆಯ ಹೆಸರನ್ನೇ ಬರೆದರು. ಇಂದು ‘ಅಯ್ಯಂಗಾರ್ ಬೇಕರಿ’ ಎಂಬ ಹೆಸರಿನ ಅಂಗಡಿಗಳಲ್ಲಿ ಅನೇಕವು ಅಯ್ಯಂಗಾರರವಲ್ಲ. ಇದನ್ನು ಕಂಡು ಕೆಲವರು ವಂಚನೆಯೆನ್ನುವರು, ಕೆಲವರು ನಗುವರು. ನಮ್ಮ ಅಭಿಪ್ರಾಯವು ಬೇರೆ.

ಈ ಸಂದರ್ಭದಲ್ಲಿ ಧಾರವಾಡದ ಪೇಡೆಯನ್ನು ಹೋಲಿಸಿ ನೋಡಬಹುದು. ಉತ್ತರದ ಉನ್ನಾವದಿಂದ ಧಾರವಾಡಕ್ಕೆ ವಲಸೆ ಬಂದ ಠಾಕೂರ್ ಮನೆತನವು ಪೇಡೆಯ ಪಾಕವನ್ನು ತಲೆಮಾರುಗಳವರೆಗೆ ಮನೆಯೊಳಗೇ ಇಟ್ಟುಕೊಂಡಿತು. ಅದರ ಫಲವಾಗಿ ರುಚಿಯೂ ಕೀರ್ತಿಯೂ ಸ್ಥಿರವಾದವು. ಆ ಪೇಡೆಯು ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆಯಿತು. ಹಾಸನದ ಅಯ್ಯಂಗಾರರು ಹಾಗೆ ಮಾಡಲಿಲ್ಲ. ಮೊದಲು ಬಂಧುಗಳಿಗೆ, ಆಮೇಲೆ ಕೆಲಸಗಾರರಿಗೆ, ವಿದ್ಯೆಯು ಹರಿದುಹೋಯಿತು. ಗುಟ್ಟನ್ನು ಕಾಪಾಡಿದ ಮನೆತನಕ್ಕೆ ಹೆಸರು ಉಳಿಯುವುದು. ಗುಟ್ಟನ್ನು ಹಂಚಿದವರಿಗೆ ಹೆಸರಿನ ಮೇಲೆ ಸ್ವಾಮ್ಯವು ಹೋಗುವುದು, ಆದರೆ ವಿದ್ಯೆಯು ಬೆಳೆಯುವುದು. ಎರಡಕ್ಕೂ ಬೆಲೆಯಿದೆ, ಎರಡಕ್ಕೂ ನಷ್ಟವಿದೆ. ಅಧ್ಯಾಪಕವೃತ್ತಿಯಲ್ಲಿ ಜೀವಮಾನವನ್ನು ಕಳೆದವರಿಗೆ ಎರಡನೆಯ ದಾರಿಯೇ ಹೆಚ್ಚು ಪ್ರಿಯವಾದರೆ ಆಶ್ಚರ್ಯವಿಲ್ಲ.

ಇನ್ನು ಹೆಸರಿನ ಮಾತು. ಪಾಣಿನಿಯ ದೃಷ್ಟಿಯಲ್ಲಿ ಆಪೂಪಿಕನೆಂಬ ಹೆಸರು ಹುಟ್ಟಿನಿಂದ ಬಂದುದಲ್ಲ, ಅವನು ಮಾರುವ ಅಪೂಪದಿಂದ ಬಂದುದು. ‘ಅಯ್ಯಂಗಾರ್’ ಎಂಬ ಮಾತು ಬೇಕರಿಯ ಫಲಕದ ಮೇಲೆ ಮೊದಲು ಜಾತಿವಾಚಕವಾಗಿಯೇ ಏರಿತು. ನೂರಕ್ಕೂ ಮಿಕ್ಕಿದ ವರ್ಷಗಳ ತರುವಾಯ ಅದು ಪಣ್ಯವಾಚಕವಾಗಿ ನಿಂತಿದೆ. ಇಂದು ಆ ಹೆಸರನ್ನು ಓದುವ ಗಿರಾಕಿಯು ಮಾಡಿದವನ ಗೋತ್ರವನ್ನು ಕೇಳುವುದಿಲ್ಲ. ಖಾರಾ ಬನ್ನು ಬಿಸಿಯಾಗಿದೆಯೇ, ಪದಾರ್ಥವು ಶುದ್ಧವೇ ಎಂದು ಕೇಳುವನು. ಯಾವ ಪದವು ಬಾಗಿಲನ್ನು ಮುಚ್ಚುವುದಕ್ಕೂ ಬಳಕೆಯಾಗಿದ್ದಿತೋ, ಅದು ಯಾರು ಬೇಕಾದರೂ ತಮ್ಮ ಶ್ರಮದಿಂದ ಸಂಪಾದಿಸಬಹುದಾದ ಬಿರುದಾದುದು ಭಾಷೆಯು ತಾನಾಗಿಯೇ ಮಾಡಿದ ಪ್ರಾಯಶ್ಚಿತ್ತವೆನ್ನಬಹುದು. ಶುಚಿತ್ವವು ಜನ್ಮದಿಂದ ಭಟ್ಟಿಗೆ ಇಳಿದುಬಂದಿತು. ಅದು ಅಲ್ಲಿ ಇರಬೇಕಾದುದೇ ನ್ಯಾಯ.

ಆದರೆ ಈ ನ್ಯಾಯಕ್ಕೆ ಒಂದು ನಿಯಮವುಂಟು. ಬಿರುದನ್ನು ಧರಿಸಿದವನು ಅದರ ಭಾರವನ್ನೂ ಹೊರಬೇಕು. ಬೆಣ್ಣೆಯಿರಬೇಕಾದಲ್ಲಿ ಬೇರೆ ಜಿಡ್ಡನ್ನು ಸೇರಿಸಿ, ಬಣ್ಣದಿಂದ ಕಣ್ಣನ್ನು ಮರುಳುಗೊಳಿಸಿ, ಮೇಲೆ ಮಾತ್ರ ಹಳೆಯ ಹೆಸರನ್ನು ಬರೆಯುವವನು ಯಾವ ಕುಲದವನೇ ಆಗಿರಲಿ, ಅವನೇ ಆ ಹೆಸರಿಗೆ ದ್ರೋಹಿ. ಹದವನ್ನು ಕಾಪಾಡಿದವನು ಯಾವ ಕುಲದವನೇ ಆಗಿರಲಿ, ಅವನೇ ತಿರುಮಲಾಚಾರ್ಯರ ಶಿಷ್ಯಪರಂಪರೆಗೆ ಸೇರಿದವನು.

೭

ಮೇಲೆ ಹೇಳಿದ ತೈವಾನಿನ ಮನೆತನವು ತನ್ನ ವೃತ್ತಿಯ ಉಪಕರಣಗಳನ್ನೂ ಅಚ್ಚುಗಳನ್ನೂ ತೋರಿಸುವುದಕ್ಕೆ ತೈಪೆ ನಗರದಲ್ಲಿ ಒಂದು ವಸ್ತುಸಂಗ್ರಹಾಲಯವನ್ನೇ ನಡೆಸುತ್ತಿದೆ. ಅಂಗಡಿಯು ಬೆಳೆದು ದೊಡ್ಡ ಸಂಸ್ಥೆಯಾದರೂ ಮೂಲದ ನೆನಪು ಮಕ್ಕಳ ಕಣ್ಣಿಗೆ ಬೀಳುವಂತೆ ಮಾಡಿರುವರು. ನಮ್ಮಲ್ಲಿ ಆ ಅಭ್ಯಾಸವಿಲ್ಲ. ಒಂದು ಅಂಗಡಿಯು ಕೈಬದಲಾಯಿಸಿದಾಗ ಹಳೆಯ ಲೆಕ್ಕದ ಪುಸ್ತಕಗಳು ಪೊಟ್ಟಣ ಕಟ್ಟುವುದಕ್ಕೆ ಹೋಗುವುವು. ಭಟ್ಟಿಯ ಇಟ್ಟಿಗೆಗಳು ಹಳ್ಳ ತುಂಬಿಸುವುದಕ್ಕೆ ಹೋಗುವುವು. ಅಂಗೈಯಿಂದ ಶಾಖವನ್ನು ಅಳೆಯುತ್ತಿದ್ದ ಮುದುಕನು ಹೋದ ದಿನ ಆ ವಿದ್ಯೆಯು ಅವನ ಸಂಗಡಲೇ ಹೋಗುವುದು.

ಈ ವೃತ್ತಿಯನ್ನು ಕುರಿತು ನಮಗೆ ದೊರೆಯುವ ಸಂಗತಿಗಳಲ್ಲಿ ಬಹುಭಾಗವು ಬಾಯಿಂದ ಬಾಯಿಗೆ ಬಂದುದು. ದೇವಸ್ಥಾನದ ಶಾಸನವನ್ನು ಕಲ್ಲು ಕಾಪಾಡಿತು. ಅಂಗಡಿಯ ಚರಿತ್ರೆಯನ್ನು ಕಾಪಾಡುವುದಕ್ಕೆ ಕಾಗದವೂ ಇಲ್ಲ. ಆದುದರಿಂದ ಈ ಪತ್ರಿಕೆಯ ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಬೀದಿಯ ಬೇಕರಿಯು ಯಾವ ವರ್ಷ ತೆರೆಯಿತು, ಮೊದಲು ಇಟ್ಟವರು ಯಾವ ಊರಿನವರು, ಯಾರ ಬಳಿ ಕಲಿತರು, ಯಾರಿಗೆ ಕಲಿಸಿದರು, ಸೌದೆಯ ಭಟ್ಟಿಯು ಎಂದು ಆರಿತು ಎಂಬ ಐದು ಸಂಗತಿಗಳನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿರಿ. ಅಂಗಡಿಯ ಯಜಮಾನನನ್ನು ಮಾತ್ರವಲ್ಲ, ರಾತ್ರಿಯಲ್ಲಿ ಹಿಟ್ಟು ನಾದುವವನನ್ನೂ ಕೇಳಿರಿ. ಅವನ ಊರಿನ ಹೆಸರನ್ನೂ ಬರೆಯಿರಿ. ಹೀಗೆ ನೂರು ಹಾಳೆಗಳು ಸೇರಿದರೆ ಹಾಸನದ ಹಳ್ಳಿಗಳಿಂದ ಬೆಂಗಳೂರಿನ ಬಡಾವಣೆಗಳಿಗೆ ಹರಿದುಬಂದ ಒಂದು ದೊಡ್ಡ ಪ್ರವಾಹದ ನಕ್ಷೆಯು ತಾನಾಗಿಯೇ ಸಿದ್ಧವಾಗುವುದು.

ಅಮರಸಿಂಹನು ಕಾಂದವಿಕನಿಗೆ ತನ್ನ ಕೋಶದಲ್ಲಿ ಸ್ಥಳವನ್ನು ಕೊಟ್ಟಿರುವನು. ನಮ್ಮ ಜಿಲ್ಲೆಯ ಚರಿತ್ರೆಯು ಇನ್ನೂ ಕೊಟ್ಟಿಲ್ಲ. ಕೊಡುವ ಕೆಲಸವು ಕಷ್ಟವಾದುದಲ್ಲ. ಆದರೆ ಹೇಳುವವರು ಇರುವಾಗಲೇ ಅದನ್ನು ಮಾಡಬೇಕು.